ಕತ್ತಿವರಸೆಯ ಗೆರೆವಿಚ್

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಪಿ.ಯು.ಸಿ. ಮುಗಿದ ವರ್ಷ ಮುಂಗಾರು ಕೈಕೊಟ್ಟುದರಿಂದ ಓದನ್ನು ಒಂದು ವರ್ಷ ನಿಲ್ಲಿಸಿ ಕೂಲಿಗೆ ಹೋಗಬೇಕಾಯಿತು. ಆ ವರ್ಷ ವ್ಯರ್ಥವಾಯಿತೆಂಬ ಕೊರಗು ನನ್ನನ್ನು ಕಾಡುತ್ತಿದ್ದಾಗ, ಗ್ರಂಥಾಲಯದ ಕ್ರೀಡಾ ಪುಸ್ತಕವೊಂದರಲ್ಲಿ ಹಂಗೇರಿಯ ಕತ್ತಿವರಸೆಗಾರ ಅಲಾದಾರ್ ಗೆರೆವಿಚ್‌ನ ಪರಿಚಯವಾಯಿತು. ಆತನ ಬಾಳಿನ ಕಥೆಯನ್ನು ಸಹಪಾಠಿಗಳ ಮುಂದಿಡಬೇಕೆನಿಸಿತು.

ಗೆರೆವಿಚ್ 1910ರಲ್ಲಿ ಯಾಸ್‌ಬೆರೇನ್ ಎಂಬ ಊರಿನಲ್ಲಿ ಹುಟ್ಟಿದನು. ಕತ್ತಿವರಸೆಯ ಸ್ಪರ್ಧೆಗಳಲ್ಲಿ ಫಾಯಿಲ್, ಎಪೆ, ಸೇಬರ್ ಎಂಬ ಮೂರು ಬಗೆಯ ಆಯುಧಗಳುಂಟು. ಮೊದಲೆರಡರಲ್ಲಿ ತುದಿಯಿಂದ ತಿವಿಯಬೇಕು. ಸೇಬರಿನಲ್ಲಿ ತಿವಿಯಲೂಬಹುದು, ಅಲಗಿನಿಂದ ಹೊಡೆಯಲೂಬಹುದು. ಸೇಬರೇ ಆತನ ಮುಖ್ಯ ಆಯುಧ.

ಬೇಸಾಯಗಾರನಂತೆಯೇ ಕತ್ತಿವರಸೆಗಾರನಿಗೂ ಋತುಗಳುಂಟು. ಒಲಿಂಪಿಕ್ಸ್ ನಾಲ್ಕು ವರ್ಷಕ್ಕೊಮ್ಮೆ ಬರುವ ದೊಡ್ಡ ಸುಗ್ಗಿ. ನಡುವಿನ ವರ್ಷಗಳಲ್ಲಿ ವಿಶ್ವ ಚಾಂಪಿಯನ್‌ಷಿಪ್ ಮತ್ತು ಇತರ ಪಂದ್ಯಗಳು. ಎಲ್ಲಕ್ಕೂ ಒಂದೇ ಬಿರುಸಿನಿಂದ ನುಗ್ಗಿದರೆ ಮೈ ಸೋಲುತ್ತದೆ. ಯಾವುದಕ್ಕೂ ಇಳಿಯದಿದ್ದರೆ ಕೈ ಜಡವಾಗುತ್ತದೆ. ಆದ್ದರಿಂದ ಯಾವ ಪಂದ್ಯ ಅಭ್ಯಾಸಕ್ಕೆ, ಯಾವುದು ಆಯ್ಕೆಗೆ, ಯಾವುದು ಪದಕಕ್ಕೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಆದರೆ ಸುಗ್ಗಿಯೇ ತಪ್ಪಿಹೋದರೆ? ಗೆರೆವಿಚ್ 1932ರಲ್ಲಿ ಲಾಸ್ ಏಂಜಲೀಸಿನಲ್ಲೂ 1936ರಲ್ಲಿ ಬರ್ಲಿನ್ನಿನಲ್ಲೂ ತಂಡದೊಡನೆ ಚಿನ್ನ ಗೆದ್ದನು. ಆಮೇಲೆ ಮಹಾಯುದ್ಧ ಬಂದಿತು. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಇಪ್ಪತ್ತಾರರಿಂದ ಮೂವತ್ತೆಂಟರವರೆಗಿನ ಉತ್ತಮ ವಯಸ್ಸು ಒಲಿಂಪಿಕ್ಸ್ ಇಲ್ಲದೆಯೇ ಸರಿದುಹೋಯಿತು. ಆದರೂ 1948ರಲ್ಲಿ ಲಂಡನ್ನಿಗೆ ಬಂದು, ತಂಡದ ಚಿನ್ನದೊಡನೆ ವೈಯಕ್ತಿಕ ಚಿನ್ನವನ್ನೂ ಪಡೆದನು. 1951 ಮತ್ತು 1955ರಲ್ಲಿ ವೈಯಕ್ತಿಕ ಸೇಬರಿನ ವಿಶ್ವವಿಜೇತನಾದನು. 1952ರಲ್ಲಿ ಹೆಲ್ಸಿಂಕಿಯಲ್ಲಿ ತಂಡಕ್ಕೆ ಮತ್ತೆ ಚಿನ್ನ. 1956ರಲ್ಲಿ, ತಾಯ್ನಾಡಿನ ಬಂಡಾಯವನ್ನು ಸೋವಿಯತ್ ಸೈನ್ಯ ಅಡಗಿಸಿದ ಕೆಲವೇ ವಾರಗಳಲ್ಲಿ, ಮೆಲ್ಬರ್ನಿನಲ್ಲೂ ಚಿನ್ನ.

1960ರ ಹೊತ್ತಿಗೆ ಆತನಿಗೆ ಐವತ್ತು. ವಯಸ್ಸಾಯಿತು, ಇನ್ನು ಸಾಕೆಂಬುದು ಆಯ್ಕೆದಾರರ ಅಭಿಪ್ರಾಯ. ಗೆರೆವಿಚ್ ವಾದಕ್ಕಿಳಿಯಲಿಲ್ಲ. ತಂಡದ ಕಿರಿಯರನ್ನು ಒಬ್ಬೊಬ್ಬರಾಗಿ ಪಂದ್ಯಕ್ಕೆ ಕರೆದು ಎಲ್ಲರನ್ನೂ ಸೋಲಿಸಿದನೆಂದು ಕ್ರೀಡೆಯ ಚರಿತ್ರೆ ಹೇಳುತ್ತದೆ. ರೋಮಿಗೆ ಹೋದನು, ಆರನೆಯ ಬಾರಿ ತಂಡದ ಚಿನ್ನ ತಂದನು. ಒಟ್ಟು ಏಳು ಚಿನ್ನ, ಒಂದು ಬೆಳ್ಳಿ, ಎರಡು ಕಂಚು ಆತನ ಒಲಿಂಪಿಕ್ ಗಳಿಕೆ. ಮಡದಿ ಎರ್ನಾ ಬೋಗೆನ್ ಮತ್ತು ಮಗ ಪಾಲ್ ಕೂಡ ಒಲಿಂಪಿಕ್ ಪದಕ ಗೆದ್ದವರು. 1991ರಲ್ಲಿ ಗೆರೆವಿಚ್ ಬುಡಾಪೆಸ್ಟಿನಲ್ಲಿ ತೀರಿಕೊಂಡನು.

ಆತನಿಗೆ ತಪ್ಪಿದ್ದು ಹನ್ನೆರಡು ವರ್ಷ. ನನಗೆ ತಪ್ಪಿದ್ದು ಒಂದೇ. ಮಳೆ ಬಾರದ್ದು ನನ್ನ ತಪ್ಪಲ್ಲ. ಆ ವರ್ಷವಿಡೀ ಪುಸ್ತಕ ಮುಟ್ಟದಿದ್ದುದು ಮಾತ್ರ ನನ್ನದೇ ತಪ್ಪು. ಪದವಿಯ ಬಳಿಕ ಬಿ.ಎಡ್. ಸೀಟು ಈ ವರ್ಷವೇ ದೊರೆಯುವುದೋ ಇಲ್ಲವೋ ಅರಿಯೆ. ದೊರೆಯದೆ ಮತ್ತೆ ಕೂಲಿಗೆ ಹೋಗಬೇಕಾಗಿ ಬಂದರೂ ಸಂಜೆಯ ಒಂದು ಗಂಟೆಯ ಓದನ್ನು ಬಿಡಬಾರದೆಂದು ನಿಶ್ಚಯಿಸಿದ್ದೇನೆ.