ಸೋಲನ್ನು ಬರೆದಿಟ್ಟು ಹೋದ ದೊಡ್ಡ ಸ್ವಾಮಿಯವರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ನಾವು ಕಥೋಲಿಕರು ಸಂಖ್ಯೆಯಲ್ಲಿ ಅಲ್ಪರು. ಜೂನ್ 13ರಂದು ದೋರ್ನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ಜನಸಾಗರವೇ ಸೇರುತ್ತದೆ, ನಿಜ. ಆದರೆ ಆ ಸಾಗರದಲ್ಲಿ ಅನ್ಯಧರ್ಮೀಯ ಸಹೋದರರೂ ಅಪಾರ ಸಂಖ್ಯೆಯಲ್ಲಿರುತ್ತಾರೆ. ಹಬ್ಬ ಮುಗಿದ ಮಾರನೆಯ ದಿನ ನಾವು ಹೊಗೆಸೊಪ್ಪಿನ ಬ್ಯಾರನ್ನಿಗೆ, ಗದ್ದೆಗೆ, ಸಂತೆಗೆ, ಕಚೇರಿಗೆ ಮರಳುತ್ತೇವೆ. ಅಲ್ಲಿ ನಮ್ಮ ವಿಶ್ವಾಸವನ್ನು ಹೇಗೆ ಬಾಳುವುದು, ನೆರೆಯವರೊಡನೆ ಹೇಗೆ ಹಂಚಿಕೊಳ್ಳುವುದು ಎಂಬ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ. ಇದೇ ಪ್ರಶ್ನೆಯನ್ನು ಮೂವತ್ತು ವರ್ಷಗಳ ಕಾಲ ಎದೆಯಲ್ಲಿ ಹೊತ್ತು, ಕೊನೆಗೆ ತಾವು ಸೋತೆವೆಂದೇ ಬರೆದಿಟ್ಟು ಹೋದ ಒಬ್ಬ ಗುರುಗಳ ಬಾಳನ್ನು ಈ ವಾರ ನೆನೆಯಬಯಸುತ್ತೇವೆ.

ಅವರು ಅಬ್ಬೆ ಜಾನ್ ಆಂತ್ವಾನ್ ದುಬುವಾ. ಈ ಫ್ರೆಂಚ್ ಹೆಸರು ನಮ್ಮ ಹಿರಿಯರ ನಾಲಗೆಗೆ ಒಗ್ಗಲಿಲ್ಲವೋ ಏನೋ, ಅವರನ್ನು ದೊಡ್ಡ ಸ್ವಾಮಿಯವರೆಂದೇ ಕರೆದರು. ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂತ್ ರೆಮೇಜ್ ಎಂಬ ಹಳ್ಳಿಯಲ್ಲಿ 1765ರಲ್ಲಿ ಜನಿಸಿದ ಇವರು, ಮಹಾಕ್ರಾಂತಿಯ ದಿನಗಳಲ್ಲಿ, 1792ರಲ್ಲಿ ಗುರುದೀಕ್ಷೆ ಪಡೆದರು. ಅದೇ ವರ್ಷ ಪ್ಯಾರಿಸ್ಸಿನ ವಿದೇಶೀ ಪ್ರೇಷಿತರ ಸಂಘದ ಮೂಲಕ ಭಾರತಕ್ಕೆ ಹಡಗು ಹತ್ತಿದರು. ಮೊದಲ ಕೆಲವು ವರ್ಷಗಳನ್ನು ತಮಿಳುನಾಡಿನಲ್ಲಿ ಕಳೆದರು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಪತನವಾಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾ ಕರಾವಳಿಯಿಂದ ಸೆರೆಹಿಡಿದು ತಂದಿದ್ದ ಕ್ರೈಸ್ತರಲ್ಲಿ ಅಳಿದುಳಿದವರು ಅಲ್ಲಿ ದಿಕ್ಕುಗೆಟ್ಟಿದ್ದರು. ಅನೇಕರು ಬಲವಂತದಿಂದ ಮತಾಂತರಗೊಂಡಿದ್ದರು. ಇವರನ್ನು ಮರಳಿ ಒಗ್ಗೂಡಿಸಲು ಕರ್ನಲ್ ವೆಲ್ಲೆಸ್ಲಿಯವರ ಶಿಫಾರಸಿನಂತೆ ದುಬುವಾ ಮೈಸೂರು ಸೀಮೆಗೆ ಬಂದರು. ಸೆರೆಯಲ್ಲಿ ಹೆದರಿ ಧರ್ಮಸಭೆಯನ್ನು ತೊರೆದವನು ಮತ್ತೆ ಬಾಗಿಲಿಗೆ ಬಂದು ನಿಂತಾಗ ಏನು ಮಾಡಬೇಕು? ದೊಡ್ಡ ಸ್ವಾಮಿಯವರು ಬಾಗಿಲು ತೆರೆದರು. ಗಂಜಾಂನಲ್ಲಿ ಅವರ ಹೆಸರಿನಿಂದಲೇ ಇಂದಿಗೂ ಗುರುತಿಸಲ್ಪಡುವ ದೇವಾಲಯ ಆ ಕಾಲದ ಸ್ಮಾರಕ. ನಮ್ಮ ಕೃಷ್ಣರಾಜನಗರದ ಗದ್ದೆಗಳನ್ನು ತೋಯಿಸಿದ ಕಾವೇರಿಯೇ ಕೆಳಗೆ ಹರಿದು ಆ ದೇವಾಲಯದ ಸನಿಹದಲ್ಲಿ ಸಾಗುತ್ತದೆ.

ಅವರು ಐರೋಪ್ಯರ ಸಹವಾಸವನ್ನು ಆದಷ್ಟು ದೂರವಿಟ್ಟರು. ಬಿಳಿಯ ನಿಲುವಂಗಿ ತೊಟ್ಟು ತಲೆಗೆ ರುಮಾಲು ಸುತ್ತಿದರು. ಊಟ, ಉಡುಗೆ, ನಡೆನುಡಿಗಳಲ್ಲಿ ಈ ನಾಡಿನ ರೀತಿಯನ್ನೇ ಅನುಸರಿಸಿದರು. ಹಾಸನ ಸೀಮೆಯ ಸಾತಳ್ಳಿಯಂಥ ಕಡೆಗಳಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಕಟ್ಟಿಕೊಟ್ಟರು. ಪ್ರಾರ್ಥನೆ ಕಲಿಸಿದವನು ನೇಗಿಲ ದಾರಿಯನ್ನೂ ತೋರಿಸಬೇಕೆಂದು ಅವರು ಬಗೆದಿದ್ದರೆಂಬುದು ನಮ್ಮ ಎಣಿಕೆ.

ಅವರ ಬಾಳಿನಲ್ಲಿ ನಮಗೆ ಅತ್ಯಂತ ಆಪ್ತವಾಗಿ ಕಾಣುವುದು ಸಿಡುಬಿನ ಪ್ರಸಂಗ. ಎಡ್ವರ್ಡ್ ಜೆನ್ನರ್ ಇಂಗ್ಲೆಂಡಿನಲ್ಲಿ 1796ರಲ್ಲಿ ಹಸುವಿನ ಸಿಡುಬಿನಿಂದ ದಾಕು ಹಾಕುವ ವಿಧಾನವನ್ನು ಪ್ರಯೋಗಿಸಿದ್ದರು. 1802ರಲ್ಲಿ ಅದು ಮುಂಬಯಿಗೆ ತಲುಪಿತು. ಆಗ ಮಂಜುಗಡ್ಡೆಯ ಪೆಟ್ಟಿಗೆಯಿಲ್ಲ, ಗಾಜಿನ ಸೀಸೆಯಲ್ಲಿ ಉಳಿಯುವ ಔಷಧವಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ಸುಮಾರು ಎಂಟು ದಿನಗಳೊಳಗೆ ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕು. ಒಂದು ಊರಿನಲ್ಲಿ ತಾಯಂದಿರು ಒಪ್ಪದಿದ್ದರೆ ಆ ಸರಪಳಿಯೇ ಕಡಿದುಹೋಗುವುದು. ಸಿಡುಬು ಎಂದರೆ ಅಮ್ಮನ ಆಟವೆಂದು ನಂಬಿದ್ದ ಹಳ್ಳಿಗಳಲ್ಲಿ, ಆರೋಗ್ಯವಾಗಿರುವ ಕೂಸಿನ ತೋಳನ್ನು ಅಪರಿಚಿತನ ಸೂಜಿಗೆ ಒಡ್ಡುವುದು ಸಣ್ಣ ಮಾತೇ? ಮೈಸೂರು ಅರಮನೆಯ ರಾಣಿಯರೂ ಆ ವರ್ಷಗಳಲ್ಲಿ ದಾಕಿಗೆ ಬೆಂಬಲವಾಗಿ ನಿಂತದ್ದು ಜನರ ಅಳುಕನ್ನು ಕಡಿಮೆ ಮಾಡಿರಬೇಕು.

ದುಬುವಾ ಅವರು 1803 ಮತ್ತು 1804ರಲ್ಲಿ ಈ ದೇಶದ ಒಬ್ಬ ಸಹಾಯಕನೊಡನೆ ಊರೂರು ತಿರುಗಿ 25 ಸಾವಿರಕ್ಕೂ ಹೆಚ್ಚು ಜನರಿಗೆ ದಾಕು ಹಾಕಿದರು, ಲೆಕ್ಕವನ್ನೂ ಇಟ್ಟರು. ಇವರಲ್ಲಿ ಕ್ರೈಸ್ತರು ಎಲ್ಲೋ ಕೆಲವರಿದ್ದಿರಬಹುದು. ದಾಕು ಹಾಕಿಸಿಕೊಂಡವನು ಜ್ಞಾನಸ್ನಾನ ಪಡೆಯಬೇಕೆಂಬ ನಿಬಂಧನೆಯಿರಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಆ ದೀರ್ಘ ದಾರಿಯ ಮೊದಲ ಹೆಜ್ಜೆಗಳಲ್ಲಿ ನಮ್ಮ ಸೀಮೆಯ ಒಬ್ಬ ಕಥೋಲಿಕ ಗುರುವಿನ ಹೆಜ್ಜೆಯೂ ಇದೆಯೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ಜಗತ್ತು ಅವರನ್ನು ನೆನೆಯುವುದು ಮಾತ್ರ ಬೇರೆ ಕಾರಣಕ್ಕೆ. ಭಾರತೀಯರ ಆಚಾರ, ನಡವಳಿಕೆ, ಸಂಸ್ಕಾರಗಳನ್ನು ಕುರಿತು ಅವರು ಸಿದ್ಧಪಡಿಸಿದ ಫ್ರೆಂಚ್ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. ಈಸ್ಟ್ ಇಂಡಿಯಾ ಕಂಪನಿಯು ಅದನ್ನು 2,000 ವರಹಗಳಿಗೆ ಕೊಂಡಿತು. ಇಂಗ್ಲಿಷ್ ಅನುವಾದ 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆದರೆ ಆ ಹಸ್ತಪ್ರತಿಯ ಬಹುಭಾಗಕ್ಕೆ ಪುದುಚೇರಿಯ ಯೇಸುಸಭೆಯ ಗುರು ಕೇರ್ದು ಅವರ ಹಳೆಯ ಬರಹವೇ ಮೂಲವೆಂದು ಸಿಲ್ವಿಯಾ ಮೂರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ದುಬುವಾ ಆ ಋಣವನ್ನು ಹೇಳಿಕೊಳ್ಳಲಿಲ್ಲ. ಗ್ರಂಥದಲ್ಲಿ ಹಿಂದೂ ಸಮಾಜದ ಮೇಲೆ ನಾವು ಇಂದು ಒಪ್ಪಲಾರದ ಕಟುವಾದ ತೀರ್ಪುಗಳೂ ಇವೆ. ಆದರಣೀಯರೆಂಬ ಕಾರಣಕ್ಕೆ ಇವನ್ನು ಮುಚ್ಚಿಡುವುದು ನಮಗೆ ಸರಿಕಾಣದು.

ಇಷ್ಟೆಲ್ಲ ಮಾಡಿದವರು ಶುಭಸಂದೇಶ ಪ್ರಸಾರದ ವಿಷಯದಲ್ಲಿ ಮಾತ್ರ ತೀರ ನಿರಾಶರಾದರು. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಇಷ್ಟು ವರ್ಷ ದುಡಿದರೂ ತಮ್ಮಿಂದ ಕ್ರೈಸ್ತರಾದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದೂ, ಅವರಲ್ಲಿಯೂ ಹಲವರು ಲೌಕಿಕ ಕಾರಣಕ್ಕೆ ಬಂದವರೆಂದೂ ಒಪ್ಪಿಕೊಂಡರು. ಹಿಂದೂಗಳ ಮತಾಂತರ ಸಾಧ್ಯವೇ ಇಲ್ಲವೆಂಬುದು ಅವರ ನಿರ್ಣಯ. ಐರೋಪ್ಯರ ನಡತೆಯೇ ಧರ್ಮಕ್ಕೆ ಕಳಂಕ ತಂದಿತೆಂದರು. ಬೈಬಲಿನ ಅವಸರದ ದೇಶಭಾಷಾ ಅನುವಾದಗಳನ್ನು ಟೀಕಿಸಿದರು. ಪ್ರೊಟೆಸ್ಟೆಂಟ್ ಪ್ರೇಷಿತರು ಕೆರಳಿ ಪುಸ್ತಕಗಳನ್ನೇ ಬರೆದು ಉತ್ತರಿಸಿದರು.

ಈ ನಿರಾಶೆಯನ್ನು ಓದುವಾಗ ನಮಗೆ ವಿಚಿತ್ರವೆನಿಸುತ್ತದೆ. ತಮ್ಮ ಫಲವನ್ನು ಅವರು ಜ್ಞಾನಸ್ನಾನದ ದಫ್ತರಿನಲ್ಲಿ ಮಾತ್ರ ಎಣಿಸಿದರು. ಸಿಡುಬಿನ ದಫ್ತರು ಪಕ್ಕದಲ್ಲೇ ಇತ್ತು. ಯೇಸುಸ್ವಾಮಿ ಕುಷ್ಠರೋಗಿಗಳನ್ನು ಗುಣಪಡಿಸಿದಾಗ ಹತ್ತು ಮಂದಿಯಲ್ಲಿ ಒಬ್ಬನೇ ಹಿಂದಿರುಗಿ ಬಂದ ವೃತ್ತಾಂತವನ್ನು ಅವರು ಎಷ್ಟು ಸಲ ಪ್ರಬೋಧಿಸಿರಲಿಕ್ಕಿಲ್ಲ! ಅಥವಾ ದೂರದಿಂದ ನೋಡುವ ನಮಗೆ ಇದು ಸುಲಭವಾಗಿ ತೋರುತ್ತಿರಬಹುದು. ಮೂವತ್ತು ವರ್ಷ ಮಳೆಬಿಸಿಲಲ್ಲಿ ನಡೆದವರ ದಣಿವು ನಮ್ಮದಲ್ಲ.

1823ರ ಜನವರಿ 15ರಂದು ಅವರು ಭಾರತವನ್ನು ಬಿಟ್ಟರು. ಕಂಪನಿ ಸರ್ಕಾರ ವಿಶ್ರಾಂತಿವೇತನ ನೀಡಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಘದ ಗುರುಮಠದಲ್ಲಿ ನೆಲೆಸಿ, 1836ರಿಂದ 1839ರವರೆಗೆ ಅದರ ಶ್ರೇಷ್ಠರಾಗಿದ್ದರು. ಮತಾಂತರ ಸಾಧ್ಯವಿಲ್ಲವೆಂದವರೇ ಪ್ರೇಷಿತರನ್ನು ಪೂರ್ವದೇಶಗಳಿಗೆ ಕಳುಹಿಸುವ ಮನೆಯ ಹಿರಿಯರಾದರು! ನಡುವೆ, 1826ರಲ್ಲಿ, ಅವರ ಪಂಚತಂತ್ರದ ಫ್ರೆಂಚ್ ಅನುವಾದ ಹೊರಬಂದಿತು. ಇಲ್ಲಿಯ ನರಿ, ಸಿಂಹ, ಕಾಗೆಗಳ ಕಥೆಗಳನ್ನು ಅವರು ಅಷ್ಟು ದೂರ ಕೊಂಡೊಯ್ದಿದ್ದರು.

1848ರ ಫೆಬ್ರವರಿ 17ರಂದು ಪ್ಯಾರಿಸ್ಸಿನಲ್ಲಿ ಅವರು ದೈವಾಧೀನರಾದರು. ವಾರ ಕಳೆಯುವುದರೊಳಗೆ ಆ ನಗರದಲ್ಲಿ ಇನ್ನೊಂದು ಕ್ರಾಂತಿ ಸಿಡಿದು ಅರಸನೇ ಸಿಂಹಾಸನ ಬಿಟ್ಟೋಡಿದ. ಮೈಸೂರಿಗೆ ಅವರು ಮತ್ತೆ ಮರಳಲಿಲ್ಲ. ರುಮಾಲು ಸುತ್ತಿ, ಬಿಳಿಯ ನಿಲುವಂಗಿ ತೊಟ್ಟ ಅವರ ಚಿತ್ರವೊಂದನ್ನು ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದಿದ್ದಾನೆ. ಅದನ್ನು ನೋಡಿದರೆ ಫ್ರಾನ್ಸಿನವರೆಂದು ತಟ್ಟನೆ ಹೇಳಲಾಗದು. ನಮ್ಮದೇ ಯಾವುದೋ ಊರಿನ ಯಜಮಾನರಂತೆ ಕಾಣುತ್ತಾರೆ.