ಹಾಲು ಬಿಟ್ಟ ಬ್ಯಾರಿಸ್ಟರ್

ನಮ್ಮೂರಿನಿಂದ ಯಾರಾದರೂ ವಿದೇಶಕ್ಕೆ ಹೊರಟರೆ ಮನೆಯ ಹಿರಿಯರು ಮೊದಲು ಕೇಳುವುದು ಸಂಬಳದ ವಿಷಯವಲ್ಲ, ಅಲ್ಲಿ ಊಟಕ್ಕೇನು ಮಾಡುತ್ತೀಯ ಎಂದು. ಪುತಳೀಬಾಯಿಯವರಿಗೂ ಅದೇ ಚಿಂತೆಯಿತ್ತು. 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದ ಅವರ ಕಿರಿಯ ಮಗ ಮೋಹನದಾಸನಿಗೆ 19 ತುಂಬಲು ಇನ್ನೂ ಒಂದು ತಿಂಗಳು ಬಾಕಿ. ಮಾಂಸ, ಮದ್ಯ, ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ಜೈನ ಸಾಧು ಬೇಚರ್ಜಿ ಸ್ವಾಮಿಗಳ ಮುಂದೆ ಪ್ರಮಾಣ ಮಾಡಿಸಿದ ಮೇಲೆಯೇ ತಾಯಿ ಒಪ್ಪಿದ್ದು.

ಹುಡುಗ ಆಗಲೇ ಕದ್ದುಮುಚ್ಚಿ ಮಾಂಸದ ರುಚಿ ನೋಡಿದ್ದವನು. ಇಂಗ್ಲಿಷರಿಗೆ ಬಲ ಬಂದದ್ದೇ ಮಾಂಸದಿಂದ ಎಂದು ನಂಬಿದ್ದವನು. ಹಾಗಾಗಿ ಲಂಡನ್ನಿನಲ್ಲಿ ಅವನನ್ನು ಹಿಡಿದು ನಿಲ್ಲಿಸಿದ್ದು ನಂಬಿಕೆಯಲ್ಲ, ತಾಯಿಗೆ ಕೊಟ್ಟ ಮಾತು ಮಾತ್ರ. ಬೆಳಿಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ, ರಾತ್ರಿ ಪಾಲಕ್ ಸೊಪ್ಪು, ಬ್ರೆಡ್ಡು, ಜಾಮು. ಎರಡು ಮೂರು ತುಂಡಿನ ಮೇಲೆ ಇನ್ನೊಂದು ಕೇಳಲು ನಾಚಿಕೆ. ದಿನವೂ ಹತ್ತು ಹನ್ನೆರಡು ಮೈಲಿ ನಡೆದು ಹುಡುಕಿದ ಮೇಲೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಿತು. ಅಲ್ಲೇ ಒಂದು ಶಿಲಿಂಗಿಗೆ ಹೆನ್ರಿ ಸಾಲ್ಟ್ ಬರೆದ ಪುಸ್ತಕವೂ ಸಿಕ್ಕಿತು. ಹೊಟ್ಟೆ ತುಂಬ ಊಟ, ಜೊತೆಗೆ ಓದು. ಅಂದಿನಿಂದ ಸಸ್ಯಾಹಾರ ಅವನ ಸ್ವಂತ ಆಯ್ಕೆಯಾಯಿತು.

ಮೊಟ್ಟೆ ಮಾಂಸವಲ್ಲ ಎನ್ನುವವರೂ ಲಂಡನ್ನಿನ ಸಸ್ಯಾಹಾರಿಗಳಲ್ಲಿದ್ದರು. ಅವರ ಮಾತು ಕೇಳಿ ಅವನು ಸ್ವಲ್ಪ ಕಾಲ ಮೊಟ್ಟೆ ತಿಂದ. ಆಮೇಲೆ, ಪ್ರಮಾಣ ಮಾಡಿಸಿಕೊಂಡವರು ಆ ಪದಕ್ಕೆ ಏನು ಅರ್ಥ ಮಾಡಿದ್ದರೋ ಅದೇ ಅರ್ಥ ಎಂದು ತೀರ್ಮಾನಿಸಿ ಬಿಟ್ಟ. ಆಗ ಸಸ್ಯಾಹಾರಿ ಹೋಟೆಲಿನಲ್ಲೂ ಕೇಕು, ಪುಡ್ಡಿಂಗಿಗೆ ಏನು ಹಾಕಿದ್ದೀರಿ ಎಂದು ವಿಚಾರಿಸಬೇಕಾಯಿತು. ಕಂಪನಿ ಕೆಲಸಕ್ಕೆಂದು ಹೊರದೇಶಕ್ಕೆ ಹೋಗಿ, ಬಿಸ್ಕತ್ತಿನ ಪೊಟ್ಟಣವನ್ನೂ ತಿರುಗಿಸಿ ಓದಿದ ನಮ್ಮಂಥವರಿಗೆ ಈ ಪಾಡು ಚೆನ್ನಾಗಿ ಗೊತ್ತು.

ಹಾಲಿನ ಪ್ರಶ್ನೆ ಎದ್ದದ್ದು ದಕ್ಷಿಣ ಆಫ್ರಿಕದಲ್ಲಿ. ಅಷ್ಟರಲ್ಲಿ ಅವರು ಹೆಸರಾಂತ ಬ್ಯಾರಿಸ್ಟರ್ ಗಾಂಧಿ. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆ ಎಂಬ ಭಾವನೆ ಮೊದಲೇ ಇತ್ತು. ಕಡೆಯ ತೊಟ್ಟನ್ನೂ ಹಿಂಡಲು ಹಸು ಎಮ್ಮೆಗಳಿಗೆ ಕೊಡುವ ಹಿಂಸೆಯ ಬಗ್ಗೆ ಕಲ್ಕತ್ತದಿಂದ ಬಂದ ಬರಹಗಳನ್ನೂ ಓದಿದರು. 1912ರಲ್ಲಿ ಟಾಲ್‌ಸ್ಟಾಯ್ ಫಾರಂನಲ್ಲಿ ಗೆಳೆಯ ಕಾಲೆನ್‌ಬಾಕ್ ಜೊತೆ ಹಾಲು ಬಿಟ್ಟರು. ಜೊಹಾನ್ಸ್‌ಬರ್ಗ್ ಸಮೀಪದ 1,100 ಎಕರೆಯ ಆ ಜಮೀನು ಕಾಲೆನ್‌ಬಾಕ್ ಅವರದೇ. ಅಲ್ಲಿ ಹಣ್ಣಿನ ಮರಗಳೇ ಸುಮಾರು ಸಾವಿರ. ಕಡಲೆಕಾಯಿ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ: ಬಡವರ ಊಟವೂ ಆಯಿತು, ಒಲೆ ಹಚ್ಚುವ ಕೆಲಸವೂ ತಪ್ಪಿತು. ಈಗ ಇದನ್ನು ವೀಗನ್ ಆಹಾರವೆನ್ನುತ್ತಾರೆ. ಆ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ.

ಆರೋಗ್ಯವಿದ್ದಾಗ ವ್ರತ ಸುಲಭ. 1914ರ ಆಗಸ್ಟಿನಲ್ಲಿ, ಮಹಾಯುದ್ಧ ಶುರುವಾದ ಹೊತ್ತಿಗೇ ಲಂಡನ್ನಿಗೆ ಬಂದವರಿಗೆ ಎದೆಗೂಡಿನ ಪೊರೆಯ ಉರಿಯೂತ ಹಿಡಿಯಿತು. ಡಾ. ಜೀವರಾಜ ಮೆಹತಾ ಹಾಲು ಕುಡಿಯಲೇಬೇಕೆಂದರು. ಗುರುವಿನ ಸ್ಥಾನದಲ್ಲಿದ್ದ ಗೋಖಲೆಯವರೂ ಒತ್ತಾಯಿಸಿದರು. ಗಾಂಧಿ ಒಂದು ರಾತ್ರಿ ಯೋಚಿಸಿ, ಹಾಲು ಮಾತ್ರ ಆಗದು ಎಂದು ತಿಳಿಸಿದರು. ಗೋಖಲೆಯವರಿಗೆ ಹಿಡಿಸಲಿಲ್ಲ, ಆದರೂ ಬಿಟ್ಟುಕೊಟ್ಟರು. ಕೊನೆಗೆ ಸಸ್ಯಾಹಾರಿ ವೈದ್ಯ ಡಾ. ಆಲಿನ್ಸನ್ ತವುಡಿನ ಬ್ರೆಡ್ಡು, ಹಸಿ ತರಕಾರಿ, ಹಣ್ಣು ಹೇಳಿ, ಕಿಟಕಿಗಳನ್ನು ತೆರೆದಿಡಿಸಿದರು. ಅದೇ ಡಿಸೆಂಬರಿನಲ್ಲಿ ಗಾಂಧಿ ಭಾರತಕ್ಕೆ ಹೊರಟರು.

ವಿದೇಶದಲ್ಲಿ ನಿಂತ ವ್ರತ ಸೋತದ್ದು ಸ್ವದೇಶದಲ್ಲಿ. 1918ರಲ್ಲಿ ಖೇಡಾದಲ್ಲಿ ಆಮಶಂಕೆಯಿಂದ ಸಾವಿನ ಬಾಗಿಲಿಗೆ ಹೋಗಿ ಬಂದರು. ಹಾಲಿಲ್ಲದೆ ಶರೀರ ಕೂಡಿಕೊಳ್ಳದು ಎಂದರು ಡಾ. ದಲಾಲ್. ವ್ರತ ಅಡ್ಡಿಯೆಂದಾಗ ಪಕ್ಕದಲ್ಲಿದ್ದ ಕಸ್ತೂರಬಾ, ಆಡಿನ ಹಾಲಾದರೆ ತೊಂದರೆಯಿಲ್ಲವಲ್ಲ ಎಂದರು. ಪ್ರಮಾಣ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಮಾತ್ರ. ಸತ್ಯಾಗ್ರಹಕ್ಕಾಗಿ ಬದುಕಬೇಕೆಂಬ ಆಸೆಗೆ ಅವರು ಸೋತರು. ಮಾತು ಉಳಿಯಿತು, ಅದರ ಜೀವ ಹೋಯಿತು ಎಂದೇ ಅವರ ಅಂತರಂಗಕ್ಕೆ ತೋರಿತು. ತಾಯಿಯ ಮಾತಿನ ಅರ್ಥವನ್ನು ಅಷ್ಟು ಕಟ್ಟುನಿಟ್ಟಾಗಿ ಹಿಡಿದವರು ತಮ್ಮ ಮಾತಿಗೆ ಸಡಿಲ ಅರ್ಥ ಕೊಟ್ಟರಲ್ಲ ಎಂಬುದು ನನಗೂ ಕಾಡುವ ವಿಷಯ. ಆದರೆ ಆ ಹಾಸಿಗೆಯಲ್ಲಿ ಮಲಗಿದ್ದವನು ನಾನಲ್ಲ.

ಹಾಲಿಗೆ ಬದಲಾಗಿ ಗಿಡಮರಗಳಿಂದ ಸಿಗುವಂಥದ್ದು ಗೊತ್ತಿದ್ದವರು ತಿಳಿಸಲಿ ಎಂದು ಆತ್ಮಕಥೆಯಲ್ಲೇ ಕೇಳಿಕೊಂಡರು. 1948ರ ಜನವರಿ 30ರಂದು, ಪ್ರಾರ್ಥನೆಗೆ ಹೊರಡುವ ಮುಂಚಿನ ಕಡೆಯ ಊಟದಲ್ಲೂ ಆಡಿನ ಹಾಲಿತ್ತು.