ಗಿಟಾರ್ ನುಡಿಸಲು ಬಾರದ ಲಿಯೊ ಫೆಂಡರ್

ಮದುವೆ ಹಾಲಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿದವರನ್ನು ಯಾರೂ ಹೆಚ್ಚು ನೋಡುವುದಿಲ್ಲ. ಹಾಡುವವರು, ಕೀಬೋರ್ಡಿನವರು, ಡ್ರಮ್ಸಿನವರು ಕಣ್ಣಿಗೆ ಬೀಳುತ್ತಾರೆ. ಬೇಸ್ ಗಿಟಾರ್ ಯಕ್ಷಗಾನದ ಶ್ರುತಿಯ ಹಾಗೆ. ಇರುವಾಗ ಗಮನಕ್ಕೆ ಬರುವುದಿಲ್ಲ, ನಿಂತರೆ ಇಡೀ ಹಾಡು ನೆಲ ಬಿಟ್ಟಂತಾಗುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈ ವಾದ್ಯ ಕಲಿಯುವ ಹುಡುಗರಿಗೆ ಸ್ವಲ್ಪ ದಿನದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ. ಟ್ಯೂಬ್ ಪ್ರೀಆಂಪ್ ಪೆಡಲ್ ತೆಗೆದುಕೊಳ್ಳಬೇಕೇ, ತೆಗೆದುಕೊಳ್ಳುವುದಾದರೆ ಎಂಥದ್ದು? ಅಂಗಡಿಗೆ ಹೋಗುವ ಮೊದಲು ಅವರು ಒಬ್ಬರ ಜೀವನ ತಿಳಿದುಕೊಳ್ಳುವುದು ಒಳ್ಳೆಯದು. ಆ ವ್ಯಕ್ತಿ ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್. ಲೋಕಕ್ಕೆ ಲಿಯೊ ಫೆಂಡರ್.

ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ತಂದೆ ತಾಯಿ ಕಿತ್ತಳೆ ತೋಟದವರು. ಎಂಟನೇ ವಯಸ್ಸಿನಲ್ಲಿ ಎಡಗಣ್ಣಿನಲ್ಲಿ ಗಡ್ಡೆಯಾಗಿ ಕಣ್ಣನ್ನೇ ತೆಗೆಯಬೇಕಾಯಿತು. ಅಲ್ಲಿಂದ ಮುಂದೆ ಬದುಕಿಡೀ ಗಾಜಿನ ಕಣ್ಣು. ಹದಿಮೂರರ ಆಸುಪಾಸಿನಲ್ಲಿ, ವಾಹನಗಳ ವಿದ್ಯುತ್ ಕೆಲಸದ ಅಂಗಡಿ ಇಟ್ಟಿದ್ದ ಬಂಧುವೊಬ್ಬರು ಹಳೆಯ ರೇಡಿಯೊ ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಹುಡುಗನಿಗೆ ಹುಚ್ಚು ಹತ್ತಿದ್ದು ಅಲ್ಲಿ. ಹೈಸ್ಕೂಲು ಮುಗಿಯುವುದರೊಳಗೆ ಮನೆಯಲ್ಲೇ ರೇಡಿಯೊ ರಿಪೇರಿ ಶುರುವಾಗಿತ್ತು.

ಆದರೆ 1928ರಲ್ಲಿ ಫುಲರ್ಟನ್ ಜೂನಿಯರ್ ಕಾಲೇಜು ಸೇರಿದಾಗ ಅವರು ಆರಿಸಿಕೊಂಡದ್ದು ಲೆಕ್ಕಪತ್ರ ಶಾಸ್ತ್ರ. ನಮ್ಮ ಕಾಮರ್ಸ್ ವಿಭಾಗದವರು ಇಲ್ಲಿ ಸ್ವಲ್ಪ ನಿಂತು ಓದಬಹುದು. ಎಲೆಕ್ಟ್ರಾನಿಕ್ಸನ್ನು ಅವರು ಯಾವ ತರಗತಿಯಲ್ಲೂ ಕೂತು ಕಲಿತವರಲ್ಲ. ಐಸ್ ಕಂಪೆನಿಯಲ್ಲಿ ಲೆಕ್ಕ ಬರೆದರು, ಬಳಿಕ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕ ಬರೆದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಆ ನೌಕರಿ ಹೋಯಿತು. ಟೈರ್ ಕಂಪೆನಿಯೊಂದರ ನೌಕರಿಯೂ ಹೆಚ್ಚು ದಿನ ಉಳಿಯಲಿಲ್ಲ. ಮದುವೆಯಾಗಿತ್ತು, ಕೆಲಸವಿರಲಿಲ್ಲ. 1938ರಲ್ಲಿ 600 ಡಾಲರ್ ಸಾಲ ಮಾಡಿ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಸಭೆ, ನೃತ್ಯಕೂಟಗಳಿಗೆ ಮೈಕ್ ಸೆಟ್ ಕಟ್ಟಿ ಬಾಡಿಗೆಗೆ ಕೊಡುವುದೂ ನಡೆಯಿತು, ನಮ್ಮೂರಿನ ಸೌಂಡ್ಸ್ ಅಂಗಡಿಯವರ ಹಾಗೆಯೇ.

ಆ ಅಂಗಡಿಗೆ ಸಂಗೀತಗಾರರು ಕೆಟ್ಟ ಆಂಪ್ಲಿಫೈಯರ್ ಹಿಡಿದು ಬರುತ್ತಿದ್ದರು. ಏನು ಕೆಟ್ಟಿದೆ, ಹೇಗೆ ಕೇಳಿಸಬೇಕಿತ್ತು ಎಂದು ಅವರು ಹೇಳುವುದನ್ನೆಲ್ಲ ಫೆಂಡರ್ ಕೇಳಿಸಿಕೊಂಡರು. ಅವರಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕೊನೆಯವರೆಗೂ ಕಲಿಯಲಿಲ್ಲ. ಹೊಸದೇನಾದರೂ ಮಾಡಿದರೆ ಕಲಾವಿದರ ಕೈಗೆ ಕೊಟ್ಟು, ನುಡಿಸಿ ನೋಡಿ ತಪ್ಪು ಹೇಳಿ ಎನ್ನುವುದು ಅವರ ಪದ್ಧತಿ. ತನಗೆ ಬಾರದ್ದನ್ನು ಬರುವವರಿಂದ ಕೇಳಿ ತಿಳಿಯಲು ಅವರಿಗೆ ಸಂಕೋಚ ಇರಲಿಲ್ಲ. ನನ್ನ ಲೆಕ್ಕದಲ್ಲಿ ಅವರ ಕಸುಬಿನ ಅರ್ಧ ಗುಟ್ಟು ಅಲ್ಲೇ ಇದೆ.

1946ರಲ್ಲಿ ಅವರದೇ ಹೆಸರಿನ ಕಂಪೆನಿ ನಿಂತಿತು. 1950ರಲ್ಲಿ ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್, 1954ರಲ್ಲಿ ಸ್ಟ್ರಾಟೊಕಾಸ್ಟರ್. ಅವೆರಡರ ಕಥೆ ಎಲ್ಲರೂ ಹೇಳುತ್ತಾರೆ. ನಮಗೆ ಬೇಕಾದದ್ದು ನಡುವಿನ 1951. ಅಲ್ಲಿಯವರೆಗೆ ಮಂದ್ರ ಸ್ವರಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಪಿಟೀಲಿನ ದೊಡ್ಡಣ್ಣನಂಥ ಅದನ್ನು ನಿಂತೇ ನುಡಿಸಬೇಕು, ಊರಿಂದ ಊರಿಗೆ ಹೊರುವುದೇ ಒಂದು ಶಿಕ್ಷೆ. ಮೇಲಾಗಿ ಟ್ರಂಪೆಟ್, ಡ್ರಮ್ಸುಗಳ ಅಬ್ಬರದ ನಡುವೆ ಕೇಳಿಸುತ್ತಲೂ ಇರಲಿಲ್ಲ. ಫೆಂಡರ್ ಅದನ್ನು ಹೆಗಲಿಗೆ ನೇತುಹಾಕುವಷ್ಟು ಚಿಕ್ಕದು ಮಾಡಿದರು. ವೀಣೆಯಲ್ಲಿರುವಂಥ ಮೆಟ್ಟಿಲುಗಳನ್ನು, ಅಂದರೆ ಫ್ರೆಟ್‌ಗಳನ್ನು ಕೂರಿಸಿದರು. ಬೆರಳಿಟ್ಟಲ್ಲಿ ಸ್ವರ ನಿಖರವಾಗಿ ಬರುವುದರಿಂದ ಅದಕ್ಕೆ ಪ್ರಿಸಿಷನ್ ಬೇಸ್ ಎಂದು ಹೆಸರು. ಲಯೊನೆಲ್ ಹ್ಯಾಂಪ್ಟನ್ನರ ಜಾಝ್ ತಂಡದಲ್ಲಿ ಮಂಕ್ ಮಾಂಟ್ಗಮರಿ ಅದನ್ನು ನುಡಿಸತೊಡಗಿದ ಮೇಲೆ ಉಳಿದವರೂ ತಿರುಗಿ ನೋಡಿದರು.

ವಾದ್ಯ ಮಾಡಿದರೆ ಸಾಲದು, ಅದರ ಸದ್ದು ಹೊರಬರಬೇಕು. ಮರುವರ್ಷ 1952ರಲ್ಲಿ ಬೇಸಿಗೆಂದೇ ಬಾಸ್‌ಮನ್ ಎಂಬ ಆಂಪ್ಲಿಫೈಯರ್ ಬಂತು. ಟ್ರಾನ್ಸಿಸ್ಟರ್ ಇನ್ನೂ ಎಳೆಗೂಸಾಗಿದ್ದ ಕಾಲ ಅದು, ಒಳಗೆ ಇದ್ದದ್ದು ಗಾಜಿನ ಬುರುಡೆಯ ವಾಲ್ವುಗಳು. ಇವನ್ನೇ ಅಮೆರಿಕದವರು ಟ್ಯೂಬ್ ಎನ್ನುವುದು. ನಮ್ಮ ಅಜ್ಜಂದಿರ ಕಾಲದ ರೇಡಿಯೊ ಸ್ವಿಚ್ ಹಾಕಿದ ಕೂಡಲೇ ಮಾತಾಡದೆ, ಬಿಸಿಯಾಗಿ ನಿಧಾನಕ್ಕೆ ಬಾಯಿ ಬಿಡುತ್ತಿತ್ತಲ್ಲ, ಅದೇ ವಾಲ್ವು. ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕೂಡ 1960ರ ದಶಕದಲ್ಲಿ ಇವನ್ನು ತಯಾರಿಸುತ್ತಿತ್ತು. ಯುರೋಪಿನಲ್ಲಿ ಇಸಿಸಿ 83, ಅಮೆರಿಕದಲ್ಲಿ 12ಎಎಕ್ಸ್7 ಎನ್ನುವ ವಾಲ್ವು ಅಲ್ಲಿ ತಯಾರಾದವುಗಳಲ್ಲಿ ಒಂದು. ಇಂದಿನ ಹೆಚ್ಚಿನ ಟ್ಯೂಬ್ ಪೆಡಲುಗಳ ಹೊಟ್ಟೆಯಲ್ಲಿ ಕೂತಿರುವುದೂ ಅದೇ ಜಾತಿಯದು.

ವಾಲ್ವಿನ ಕೆಲಸ ಅರ್ಥವಾಗಲು ಹೊಳೆಯ ಕಿಂಡಿ ಅಣೆಕಟ್ಟನ್ನು ನೆನೆಸಿಕೊಳ್ಳಿ. ಹಲಗೆಯನ್ನು ಸ್ವಲ್ಪ ಎತ್ತಿ ಇಳಿಸಿದರೆ ಸಾಕು, ಹಿಂದೆ ನಿಂತ ಭಾರೀ ನೀರು ಅದರಂತೆ ಹೆಚ್ಚು ಕಡಿಮೆ ಹರಿಯುತ್ತದೆ. ಕ್ಯಾಥೋಡಿನಿಂದ ಪ್ಲೇಟಿಗೆ ಹರಿಯುವ ಎಲೆಕ್ಟ್ರಾನುಗಳೇ ನೀರು, ನಡುವಿನ ಗ್ರಿಡ್ ಎಂಬ ಜಾಲರಿ ಹಲಗೆ. ಗಿಟಾರಿನ ತಂತಿಯಿಂದ ಬಂದ ಕ್ಷೀಣ ವೋಲ್ಟೇಜು ಗ್ರಿಡ್ಡನ್ನು ಆಡಿಸುತ್ತದೆ, ಪ್ಲೇಟಿನಲ್ಲಿ ಅದರದೇ ದೊಡ್ಡ ರೂಪ ಸಿಗುತ್ತದೆ. ಸಂಕೇತ ಅತಿಯಾಗಿ ಜೋರಾದರೆ ವಾಲ್ವು ಅದನ್ನು ಹೇಳಿದ ಹಾಗೆ ದೊಡ್ಡದು ಮಾಡಲಾರದು. ಅಲೆಯ ತಲೆ ದುಂಡಗೆ ಒತ್ತಿಹೋಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟು ಆವರ್ತನದ ಸ್ವರಗಳೂ ಹುಟ್ಟುತ್ತವೆ. ಪಾಠದಲ್ಲಿ ಹಾರ್ಮೋನಿಕ್ಸ್ ಎಂದು ಓದಿದ್ದೀರಿ.

ಫೆಂಡರರಿಗೆ ಇದು ದೋಷ. ಎಷ್ಟು ಜೋರು ಮಾಡಿದರೂ ಸದ್ದು ಒಡೆಯಬಾರದು, ತಂತಿ ಹೇಗೆ ಮಿಡಿಯಿತೋ ಹಾಗೇ ಸ್ವಚ್ಛವಾಗಿ ಕೇಳಬೇಕು ಎಂದು ಅವರು ಆಂಪ್ಲಿಫೈಯರುಗಳನ್ನು ವರ್ಷ ವರ್ಷವೂ ತಿದ್ದಿದರು. ಆದರೆ ಅವರ ಗಿರಾಕಿಗಳ ಕಿವಿ ಬೇರೆ ದಾರಿ ಹಿಡಿಯಿತು. ಬೇಸಿಗೆಂದು ಮಾಡಿದ ಬಾಸ್‌ಮನ್ನಿಗೆ ಮಾಮೂಲಿ ಗಿಟಾರ್ ಸಿಕ್ಕಿಸಿ, ಗುಂಡಿಯನ್ನು ಪೂರ್ತಿ ತಿರುಗಿಸಿ, ಸದ್ದು ಒಡೆಯುವ ಆ ಅಂಚನ್ನೇ ಅವರು ಮೆಚ್ಚಿಕೊಂಡರು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತಮ್ಮ ಮೊದಲ ಆಂಪ್ಲಿಫೈಯರನ್ನು ಬಾಸ್‌ಮನ್ನಿನ ಸರ್ಕ್ಯೂಟ್ ಅನುಸರಿಸಿಯೇ ಕಟ್ಟಿಸಿದರು. ರಾಕ್ ಸಂಗೀತದ ಗರ್ಜನೆ ಅಲ್ಲಿಂದ ಬೆಳೆಯಿತು. ಫೆಂಡರ್ ಜೀವನವಿಡೀ ಕಳೆಯಲು ನೋಡಿದ್ದನ್ನೇ ಇಂದು ಪೆಡಲ್ ಎಂಬ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ, ನಾವು ಹಣ ಕೊಟ್ಟು ಕೊಳ್ಳುತ್ತೇವೆ.

ಹಾಗೆಂದು ಅದು ಬರೀ ಶೋಕಿಯಲ್ಲ. ಬೇಸ್ ಗಿಟಾರಿನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಮೊಬೈಲಿನ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ, ಸಣ್ಣ ಸ್ಪೀಕರುಗಳೂ ಹೆಚ್ಚಾಗಿ ಇಳಿಯುವುದಿಲ್ಲ. ಆದರೆ ವಾಲ್ವು ಸೇರಿಸಿದ 82, 123 ಹರ್ಟ್ಸ್ ಮತ್ತು ಅದರ ಮೇಲಿನ ಸ್ವರಗಳು ಕೇಳಿಸಿದರೆ, ಕೇಳದ ಮೂಲ ಸ್ವರವನ್ನು ಮೆದುಳು ತಾನೇ ತುಂಬಿಕೊಳ್ಳುತ್ತದೆ. ಸ್ವಲ್ಪ ಒರಟು ಇರುವ ಬೇಸ್ ಗುಂಪಿನಲ್ಲಿ ಸ್ಪಷ್ಟವಾಗಿ ಕೇಳುವುದು ಇದೇ ಕಾರಣಕ್ಕೆ. ಒರಟು ಅತಿಯಾದರೆ ಮಾತ್ರ ಕೆಳಗಿನ ತೂಕ ಹೋಗಿ ಸದ್ದು ಜೊಳ್ಳಾಗುತ್ತದೆ. ಆದ್ದರಿಂದ ಬೇಸಿನ ಪೆಡಲಿನಲ್ಲಿ ನಾನು ಮೊದಲು ಹುಡುಕುವುದು ಬ್ಲೆಂಡ್ ಗುಂಡಿಯನ್ನು. ಮೂಲ ಸ್ವಚ್ಛ ಸದ್ದಿಗೆ ವಾಲ್ವಿನ ಸದ್ದನ್ನು ಬೇಕಾದಷ್ಟೇ ಬೆರೆಸಲು ಅದು ಬಿಡುತ್ತದೆ. ಎರಡನೆಯದು, ನೇರವಾಗಿ ಮಿಕ್ಸರಿಗೆ ಹೋಗುವ ಡಿಐ ಔಟ್‌ಪುಟ್. ಬೇಸ್ ಆಂಪ್ಲಿಫೈಯರನ್ನೇ ತಾರದ ವೇದಿಕೆಯಲ್ಲಿ ಇದಿಲ್ಲದೆ ಕೆಲಸ ಸಾಗದು.

ವೋಲ್ಟೇಜನ್ನೂ ವಿಚಾರಿಸಿ. ಈ ವಾಲ್ವಿನ ಪ್ಲೇಟಿಗೆ ಮಾಮೂಲಾಗಿ 250 ವೋಲ್ಟಿನಷ್ಟು ಬೇಕು. ಕೆಲವು ಪೆಡಲುಗಳು ಒಳಗೇ ವೋಲ್ಟೇಜು ಏರಿಸಿಕೊಳ್ಳುತ್ತವೆ. ಇನ್ನು ಕೆಲವು ಅಡಾಪ್ಟರಿನ ಕೆಲವೇ ವೋಲ್ಟಿನಲ್ಲಿ ವಾಲ್ವನ್ನು ಅರೆಹೊಟ್ಟೆಯಲ್ಲಿ ದುಡಿಸುತ್ತವೆ, ಅಂಥವು ಬೇಗ ಒಡೆಯುತ್ತವೆ. ಒಡಕೇ ಬೇಕಾದವರಿಗೆ ಅದೂ ಸರಿಯೇ, ಆದರೆ ಏನು ಕೊಳ್ಳುತ್ತಿದ್ದೇವೆಂದು ಗೊತ್ತಿರಬೇಕು. ವಾಲ್ವಿನ ಹೀಟರಿಗೇ 6.3 ವೋಲ್ಟಿನಲ್ಲಿ 300 ಮಿಲಿಆಂಪಿಯರ್ ಬೇಕು. ಹಾಗಾಗಿ ಸಣ್ಣ ಬ್ಯಾಟರಿ ನಂಬಿ ವೇದಿಕೆ ಹತ್ತುವ ಹಾಗಿಲ್ಲ, ಪೆಡಲಿಗೆ ಹೇಳಿದ ಅಡಾಪ್ಟರನ್ನೇ ಹಾಕಬೇಕು. ಕುತೂಹಲಕ್ಕೆಂದು ಡಬ್ಬಿ ಬಿಚ್ಚಬೇಡಿ. ಸ್ವಿಚ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಅಪಾಯದ ವೋಲ್ಟೇಜು ಉಳಿದಿರಬಹುದು. ಇನ್ನು, ತಂತಿ ಹಳತಾಗಿ ಸದ್ದು ಮಂಕಾಗಿದ್ದರೆ ಪೆಡಲಿಗಿಂತ ಮೊದಲು ತಂತಿ ಬದಲಿಸಿ. ಅದರ ಖರ್ಚು ಎಷ್ಟೋ ಕಡಿಮೆ.

ಫೆಂಡರರ ಕಥೆಗೆ ಬರೋಣ. 1960ರ ದಶಕದಲ್ಲಿ ಬಿಡದ ಸೋಂಕಿನ ಕಾಯಿಲೆ ಅವರನ್ನು ಕಾಡಿತು. ಹೆಚ್ಚು ದಿನ ಬದುಕುವುದಿಲ್ಲವೆಂಬ ಯೋಚನೆಯಲ್ಲಿ 1965ರಲ್ಲಿ ಕಂಪೆನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಸ್ವಂತ ಹೆಸರು ಪರರ ಪಾಲಾಯಿತು, ಹತ್ತು ವರ್ಷ ಅದಕ್ಕೆ ಪೈಪೋಟಿ ಕೊಡುವಂತಿಲ್ಲ ಎಂಬ ಕರಾರೂ ಇತ್ತು. ಆಮೇಲೆ ಬೇರೆ ವೈದ್ಯರ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಯಿತು!

ಕರಾರಿನ ಅವಧಿ ಮುಗಿಯುತ್ತಲೇ ಅವರು ಮತ್ತೆ ಬೇಸಿನ ಕಡೆಗೇ ತಿರುಗಿದರು. 1976ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪೆನಿಯಿಂದ ಸ್ಟಿಂಗ್‌ರೇ ಬೇಸ್ ಹೊರಬಂತು. ಅದರ ಮರದೊಳಗೇ ಒಂಬತ್ತು ವೋಲ್ಟ್ ಬ್ಯಾಟರಿಯ ಪುಟ್ಟ ಪ್ರೀಆಂಪ್ ಇತ್ತು. ವಾಲ್ವಿಲ್ಲ, ಒಡಕಿಲ್ಲ. ಸ್ವಚ್ಛ ಸದ್ದಿನ ಹಟವನ್ನು ಅವರು ಆ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಇಂಥ ಬೇಸ್ ಇರುವವರು ಪೆಡಲ್ ಆರಿಸುವಾಗ ಒಂದು ಮಾತು ನೆನಪಿಡಿ, ಮೊದಲೇ ಜೋರಾದ ಸಂಕೇತ ಹೋಗುವುದರಿಂದ ಪೆಡಲಿನ ವಾಲ್ವು ಬೇಗ ಒಡೆಯುತ್ತದೆ.

1980ರ ಹೊತ್ತಿಗೆ ಹಳೆಯ ಗೆಳೆಯ ಜಾರ್ಜ್ ಫುಲರ್ಟನ್ ಜೊತೆ ಜಿ ಅಂಡ್ ಎಲ್ ಎಂಬ ಮತ್ತೊಂದು ಕಂಪೆನಿ. ವಯಸ್ಸು ಎಪ್ಪತ್ತು ದಾಟಿತ್ತು, ಪಾರ್ಕಿನ್ಸನ್ ಕಾಯಿಲೆ ಕೈ ನಡುಗಿಸುತ್ತಿತ್ತು. ಆದರೂ ದಿನಾ ತಮ್ಮ ಕೆಲಸದ ಮೇಜಿಗೆ ಬಂದು ಕೂರುತ್ತಿದ್ದರು. 1991ರ ಮಾರ್ಚ್ 21ರಂದು ತೀರಿಕೊಂಡರು. ಹಿಂದಿನ ದಿನವೂ ಕೆಲಸಕ್ಕೆ ಬಂದಿದ್ದರು.